ಎಕರೆಗೆ ನಾಲ್ಕು ಮೆಗಾವ್ಯಾಟ್ ಬಿಸಿಲು

ಮೇ ಮೊದಲ ವಾರದ ಒಂದು ಮಧ್ಯಾಹ್ನ, ಹನ್ನೆರಡೂವರೆಗೆ ಇನ್ನೇನು ಕೆಲವು ನಿಮಿಷ ಇರುವಾಗ, ಕುಳಗೇರಿ ಕ್ರಾಸಿನ ರಸ್ತೆ ಬದಿಯ ಕರೆಂಟಿನ ಕಂಬಕ್ಕೆ ನೆರಳೇ ಇರುವುದಿಲ್ಲ. ಸೂರ್ಯ ನೆತ್ತಿಯ ಮೇಲೆ ನೆಟ್ಟಗೆ ನಿಂತಿರುತ್ತಾನೆ. ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಬಾದಾಮಿ ಸೀಮೆಗೆ ಈ ಯೋಗ ವರ್ಷಕ್ಕೆ ಎರಡು ಸಲ: ಮೇ 5ರ ಆಸುಪಾಸು ಒಮ್ಮೆ, ಆಗಸ್ಟ್ 8ರ ಆಸುಪಾಸು ಇನ್ನೊಮ್ಮೆ. ಆಗಸ್ಟಿನದು ಬಹಳಷ್ಟು ವರ್ಷ ಮೋಡದ ಮರೆಯಲ್ಲೇ ಮುಗಿದುಹೋಗುತ್ತದೆ. ಮೇ ತಿಂಗಳದ್ದು ಹಾಗಲ್ಲ. ಆ ಹೊತ್ತಿಗೆ ಒಂದೊಂದು ಚದರ ಮೀಟರ್ ನೆಲದ ಮೇಲೂ ಸುಮಾರು ಒಂದು ಕಿಲೋವ್ಯಾಟ್ ಶಕ್ತಿ ಸುರಿಯುತ್ತಿರುತ್ತದೆ. ಎಕರೆ ಎಂದರೆ ಸುಮಾರು ನಾಲ್ಕು ಸಾವಿರ ಚದರ ಮೀಟರ್. ಲೆಕ್ಕ ಹಾಕಿದರೆ ಎಕರೆಗೆ ನಾಲ್ಕು ಮೆಗಾವ್ಯಾಟ್. ಐದು ಎಚ್‌.ಪಿ.ಯ ಸಾವಿರ ಪಂಪ್‌ಸೆಟ್ಟುಗಳನ್ನು ಒಟ್ಟಿಗೆ ಓಡಿಸುವಷ್ಟು ಶಕ್ತಿ, ಬಿಲ್ಲಿಲ್ಲದೆ, ಬೇಡವೆಂದರೂ ಬಂದು ಬೀಳುತ್ತದೆ.

ಇಂಥ ಬಿಸಿಲಿನಡಿ ಹಸಿರುಮನೆ ಕಟ್ಟುವುದೆಂದರೇನು?

ಹುಬ್ಬಳ್ಳಿಯಿಂದ ನವಲಗುಂದ, ನರಗುಂದ ದಾಟಿ, ಕೊಣ್ಣೂರಿನ ಪೇರಲ ತೋಟಗಳ ಮಗ್ಗುಲಲ್ಲಿ ಮಲಪ್ರಭೆಯನ್ನು ಹಾದು ಬರುವ ರಸ್ತೆ ಕುಳಗೇರಿ ಕ್ರಾಸಿನಲ್ಲಿ ಕವಲೊಡೆಯುತ್ತದೆ. ಒಂದು ಕವಲು ಬಾದಾಮಿಯ ಕಡೆಗೆ, ಇನ್ನೊಂದು ಕೆರೂರಿನ ಮೇಲೆ ಬಾಗಲಕೋಟೆಯ ಕಡೆಗೆ. ಸುತ್ತ ಜೋಳ, ಕಡಲೆ, ಉಳ್ಳಾಗಡ್ಡಿಯ ಎರಿ ಹೊಲಗಳು. ಬಾಗಲಕೋಟೆ ಜಿಲ್ಲೆಯ ಸರಾಸರಿ ಮಳೆ ವರ್ಷಕ್ಕೆ 560 ಮಿಲಿಮೀಟರಿನಷ್ಟು; ಬೇಸಿಗೆಯ ಬಿಸಿ 40 ಡಿಗ್ರಿ ಮುಟ್ಟುವುದು ಸುದ್ದಿಯೇ ಅಲ್ಲ. ಬಾಗಲಕೋಟೆಯ ಉದ್ಯಾನಗಿರಿಯಲ್ಲಿ 2008ರಿಂದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಧಾರವಾಡದ ಕುಂಬಾಪುರ ಫಾರ್ಮಿನಲ್ಲಿ ಇಸ್ರೇಲಿನ ಸಹಯೋಗದ ತರಕಾರಿ ಕೇಂದ್ರವಿದೆ. ರಾಷ್ಟ್ರೀಯ ತೋಟಗಾರಿಕೆ ಮಿಷನ್ನಿನಿಂದಲೂ 2014ರಲ್ಲಿ ಶುರುವಾದ ಕೃಷಿಭಾಗ್ಯದಿಂದಲೂ ಸಹಾಯಧನ ಬಂದಮೇಲೆ ಪಾಲಿಹೌಸ್, ಶೇಡ್‌ನೆಟ್ ಎಂಬ ಮಾತುಗಳು ಬಯಲುಸೀಮೆಯ ಹಳ್ಳಿ ಹಳ್ಳಿಗೂ ಗೊತ್ತಾದವು. ಹತ್ತು ಗುಂಟೆ, ಇಪ್ಪತ್ತು ಗುಂಟೆಯಲ್ಲಿ ದೊಣ್ಣೆ ಮೆಣಸಿನಕಾಯಿ, ಸೌತೆ, ಜರ್ಬೆರಾ ಬೆಳೆದು ಕಾಸು ಕಂಡವರಿದ್ದಾರೆ. ಎರಡೇ ಬೇಸಿಗೆಗೆ ಕೈಬಿಟ್ಟವರೂ ಇದ್ದಾರೆ. ರಾಜ್ಯದ ಯಾವ ಹೆದ್ದಾರಿಯಲ್ಲಿ ಹೋದರೂ ಹರಿದ ಪ್ಲಾಸ್ಟಿಕ್ ಪಟಪಟಿಸುವ, ಪೈಪಿನ ಅಸ್ಥಿಪಂಜರ ಮಾತ್ರ ಉಳಿದ ಒಂದಾದರೂ ಪಾಲಿಹೌಸ್ ಕಣ್ಣಿಗೆ ಬೀಳುತ್ತದೆ. ಗಾಳಿಗೆ ಹರಿಯಿತು, ಹೊಸ ಹಾಳೆಗೆ ದುಡ್ಡಿರಲಿಲ್ಲ ಎಂಬುದು ಅದರ ಹಿಂದಿನ ಕಥೆಯ ಅರ್ಧ ಮಾತ್ರ. ಇನ್ನರ್ಧ ಆ ಮನೆಯ ವಿನ್ಯಾಸದಲ್ಲೇ ಇದೆ.

ಹಸಿರುಮನೆ ಹುಟ್ಟಿದ್ದು ಚಳಿಯ ನಾಡುಗಳಲ್ಲಿ. ನೆದರ್ಲೆಂಡ್ಸಿನಲ್ಲಿ ಡಿಸೆಂಬರಿನ ನಡುಮಧ್ಯಾಹ್ನದಲ್ಲೂ ಸೂರ್ಯ ದಿಗಂತದಿಂದ ಹದಿನೈದು ಡಿಗ್ರಿಯಷ್ಟೂ ಮೇಲೇರುವುದಿಲ್ಲ. ಅಲ್ಲಿನ ಬೆಳೆಗಾರನಿಗೆ ಬೆಳಕೂ ಸಾಲದು, ಬಿಸಿಯೂ ಸಾಲದು. ಹಾಗಾಗಿ ಗಾಜಿನ ಮನೆ ಕಟ್ಟಿ, ನೈಸರ್ಗಿಕ ಅನಿಲ ಉರಿಸಿ ಬೆಚ್ಚಗಿಟ್ಟು, ಮೇಲೆ ದೀಪ ಹಚ್ಚಿ ಟೊಮೆಟೊ ಬೆಳೆಯುತ್ತಾನೆ. 2022ರಲ್ಲಿ ಉಕ್ರೇನ್ ಯುದ್ಧದಿಂದ ಅನಿಲದ ಬೆಲೆ ಮುಗಿಲು ಮುಟ್ಟಿದಾಗ ಅಲ್ಲಿನ ಎಷ್ಟೋ ಗಾಜಿನ ಮನೆಗಳು ಆ ಚಳಿಗಾಲ ದೀಪ ಆರಿಸಿ ಖಾಲಿ ಕುಳಿತವು. ಅದೇ ಡಿಸೆಂಬರಿನ ಮಧ್ಯಾಹ್ನ ಬಾದಾಮಿಯಲ್ಲಿ ಸೂರ್ಯ ಐವತ್ತು ಡಿಗ್ರಿ ಎತ್ತರದಲ್ಲಿರುತ್ತಾನೆ. ವರ್ಷದ ಅತಿ ಚಿಕ್ಕ ಹಗಲೂ ಹನ್ನೊಂದು ತಾಸು ದಾಟುತ್ತದೆ. ಬೆಳಕು, ಬಿಸಿ ಎರಡನ್ನೂ ಹಿಡಿದಿಡಲು ಕಂಡುಹಿಡಿದ ಯಂತ್ರವನ್ನು ಎರಡೂ ಉಕ್ಕಿ ಹರಿಯುವ ಊರಿಗೆ ತಂದಮೇಲೆ ಅದನ್ನು ತಿರುವು ಮುರುವು ಮಾಡಬೇಕಿತ್ತು. ಬಹಳಷ್ಟು ಕಡೆ ಹಾಗೇ ತಂದಿಟ್ಟರು.

ಬೆಂಗಳೂರಿನ ಲಾಲ್‌ಬಾಗಿನ ಗಾಜಿನಮನೆಗೆ 1889ರ ನವೆಂಬರಿನಲ್ಲಿ ಅಡಿಗಲ್ಲು ಬಿದ್ದಾಗ ಅದರ ಮಾದರಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್. ಆದರೆ ಅದು ಬದಿಗಳಲ್ಲಿ ತೆರೆದುಕೊಂಡ, ಗಾಳಿಯಾಡುವ ಮನೆ. ಬೆಂಗಳೂರಿನ ತಂಪು ಹವೆಗೂ ಮುಚ್ಚಿದ ಗಾಜು ಹೊಂದುವುದಿಲ್ಲ ಎಂದು ಕಟ್ಟಿದವರು ಬಲ್ಲರು. ಬಾಗಲಕೋಟೆ ಸೀಮೆಯ ಜನರಂತೂ ಮನೆ ಕಟ್ಟುವಾಗ ಬಿಸಿಲನ್ನು ಹೊರಗಿಡುವುದನ್ನೇ ಮೊದಲು ಯೋಚಿಸಿದವರು. ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣು ಹೊತ್ತ ಮಾಳಿಗೆ, ಆ ಮಾಳಿಗೆಯಲ್ಲೊಂದು ಪುಟ್ಟ ಬೆಳಕಿಂಡಿ. ಎಷ್ಟು ಬೆಳಕು ಬೇಕೋ ಅಷ್ಟಕ್ಕೇ ಕಿಂಡಿ. ಹಬೆ, ಹೊಗೆ ಏರಿ ಹೊರಬೀಳುವುದಕ್ಕೂ ಅದೇ ದಾರಿ. ಪಾಲಿಹೌಸಿನ ಮೇಲ್ತುದಿಯಲ್ಲಿ ಬಿಡುವ ಗಾಳಿಗಂಡಿಯೂ ಇದೇ ಕೆಲಸ ಮಾಡುತ್ತದೆ.

ಪ್ಲಾಸ್ಟಿಕ್ ಹೊದಿಕೆಯೊಳಗೆ ಬಿಸಿ ಏರುವುದು ಹೇಗೆ ಎಂಬ ಬಗ್ಗೆ ಪಠ್ಯಪುಸ್ತಕಗಳು ಒಂದು ಕಥೆ ಹೇಳುತ್ತವೆ: ಬೆಳಕು ಒಳಗೆ ಬರುತ್ತದೆ, ನೆಲಕ್ಕೆ ತಾಗಿ ಶಾಖಕಿರಣವಾಗುತ್ತದೆ, ಆ ಕಿರಣ ಗಾಜನ್ನು ದಾಟಲಾರದೆ ಸಿಕ್ಕಿಬೀಳುತ್ತದೆ. ಅಮೆರಿಕದ ಭೌತವಿಜ್ಞಾನಿ ಆರ್‌. ಡಬ್ಲ್ಯು. ವುಡ್ 1909ರಲ್ಲಿ ಇದನ್ನು ಪರೀಕ್ಷಿಸಿದ. ಎರಡು ಪೆಟ್ಟಿಗೆಗಳಲ್ಲಿ ಒಂದಕ್ಕೆ ಗಾಜಿನ ಮುಚ್ಚಳ, ಇನ್ನೊಂದಕ್ಕೆ ಶಾಖಕಿರಣವನ್ನು ಸಲೀಸಾಗಿ ಹೊರಬಿಡುವ ಕಲ್ಲುಪ್ಪಿನ ಹಲಗೆಯ ಮುಚ್ಚಳ. ಬಿಸಿಲಿಗಿಟ್ಟರೆ ಎರಡೂ ಹೆಚ್ಚುಕಡಿಮೆ ಒಂದೇ ಸಮ ಕಾದವು. ಕಾರಣ, ಹಸಿರುಮನೆಯ ಬಿಸಿಯಲ್ಲಿ ದೊಡ್ಡ ಪಾಲು ಗಾಳಿ ಕದಲದಿರುವುದರಿಂದ ಬರುತ್ತದೆ. ಕಾದ ಗಾಳಿ ಮೇಲೇರಿ ಹೋಗಲು ದಾರಿಯಿಲ್ಲ, ತಂಪು ಗಾಳಿ ಒಳಬರಲು ದಾರಿಯಿಲ್ಲ. ಕಿಟಕಿ ಏರಿಸಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಆಗುವುದೂ ಇದೇ. ಪಾಲಿಥೀನ್ ಹಾಳೆಯಂತೂ ಶಾಖಕಿರಣವನ್ನು ಗಾಜಿಗಿಂತ ಧಾರಾಳವಾಗಿ ಹೊರಬಿಡುತ್ತದೆ. ಅದಕ್ಕೇ ಡಿಸೆಂಬರಿನ ನಿರಭ್ರ ರಾತ್ರಿಗಳಲ್ಲಿ ಪಾಲಿಹೌಸಿನ ಒಳಗು ಕೆಲವೊಮ್ಮೆ ಹೊರಗಿಗಿಂತ ತುಸು ತಣ್ಣಗಾಗುವ ವಿಚಿತ್ರವೂ ಉಂಟು.

ವುಡ್‌ನ ಪ್ರಯೋಗದಿಂದ ಕುಳಗೇರಿಯ ರೈತನಿಗೆ ಸಿಗುವ ಲಾಭ ಇಷ್ಟು: ಬಿಸಿ ಕಡಿಮೆ ಮಾಡಲು ಮೊದಲು ಬೇಕಾದದ್ದು ಕರೆಂಟಲ್ಲ, ಗಾಳಿಯ ದಾರಿ. ಮನೆ ಎತ್ತರವಿರಬೇಕು, ಶಿಖರ ಆರು ಮೀಟರಿನ ಆಸುಪಾಸು ಇದ್ದರೆ ಕಾದ ಗಾಳಿ ಗಿಡದ ನೆತ್ತಿಯಿಂದ ದೂರ ಮೇಲೆ ಸೇರುತ್ತದೆ. ಮೇಲಿನ ಗಂಡಿಯ ಬಾಯಿ ಜೋರು ಗಾಳಿ ಬೀಸುವ ದಿಕ್ಕಿಗೆ ಬೆನ್ನು ಹಾಕಿರಬೇಕು. ಈ ಭಾಗದಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿಯದ್ದೇ ಆಳ್ವಿಕೆ. ಪಕ್ಕದ ಗದಗ ಜಿಲ್ಲೆಯ ಗುಡ್ಡಗಳ ಮೇಲೆ ಸಾಲುಗಟ್ಟಿದ ಗಾಳಿಯಂತ್ರಗಳೇ ಅದಕ್ಕೆ ಸಾಕ್ಷಿ. ಪಶ್ಚಿಮಕ್ಕೆ ಬಾಯಿ ತೆರೆದ ಗಂಡಿಗೆ ಆ ಗಾಳಿ ನುಗ್ಗಿ ಹಾಳೆಯನ್ನು ಒಳಗಿನಿಂದ ಉಬ್ಬಿಸಿ ಹರಿಯುತ್ತದೆ. ಪೂರ್ವಕ್ಕೆ ತೆರೆದ ಗಂಡಿಯ ಮೇಲೆ ಹಾದುಹೋಗುವಾಗ ಅದೇ ಗಾಳಿ ಒಳಗಿನ ಬಿಸಿಯನ್ನು ಹೀರಿ ಹೊರಗೆಳೆಯುತ್ತದೆ. ಫ್ಯಾನ್ ಇಲ್ಲ, ಮೋಟಾರಿಲ್ಲ, ಖರ್ಚಿಲ್ಲ.

ಇಲ್ಲೊಂದು ತೊಡಕಿದೆ. ಬದಿಗಳಿಗೆ ಕಟ್ಟುವ ಕೀಟಬಲೆ. ಬಿಳಿನೊಣ ಒಳನುಗ್ಗದಿರಲು 40 ಮೆಶ್‌ನಷ್ಟು ಸಣ್ಣ ಕಣ್ಣಿನ ಬಲೆ ಬೇಕು. ಕಣ್ಣು ಸಣ್ಣದಾದಷ್ಟೂ ಗಾಳಿಗೆ ತಡೆ ಹೆಚ್ಚು. ಅದರ ಮೇಲೆ ಎರಿ ಮಣ್ಣಿನ ಧೂಳು ಕೂತರೆ ಬಲೆ ಗೋಡೆಯೇ ಆಗುತ್ತದೆ. ಔಷಧಿ ಸಿಂಪಡಣೆಯ ಖರ್ಚು ಉಳಿಸಲು ಹೋಗಿ ಮನೆಯ ಉಸಿರು ಕಟ್ಟಿಸಿದಂತೆ. ಎರಡನ್ನೂ ಸಂಭಾಳಿಸಲು ಇರುವ ಉಪಾಯ ಸರಳ: ಬಲೆಯ ವಿಸ್ತೀರ್ಣ ಹೆಚ್ಚಿಸುವುದು, ಮನೆಯ ಅಗಲ ತಗ್ಗಿಸುವುದು, ಬಲೆಯನ್ನು ಆಗಾಗ ನೀರು ಹಾಯಿಸಿ ತೊಳೆಯುವುದು. ಮಾರಾಟಗಾರರ ಪಟ್ಟಿಯಲ್ಲಿ ತೊಳೆಯುವ ಕೆಲಸದ ಪ್ರಸ್ತಾಪವೇ ಇರುವುದಿಲ್ಲ ಎನ್ನುವುದು ಬೇರೆ ಮಾತು.

ಗಾಳಿಯ ದಾರಿ ಸರಿಹೋದರೆ ಉಳಿಯುವುದು ಬೆಳಕು. ಬೆಳಕು, ಬಿಸಿ ಎರಡೂ ಒಂದೇ ಎಂದುಕೊಂಡು ಎರಡನ್ನೂ ಒಟ್ಟಿಗೆ ಕತ್ತರಿಸುವವರೇ ಹೆಚ್ಚು.

ಸೂರ್ಯನಿಂದ ಬರುವ ಶಕ್ತಿಯಲ್ಲಿ ಸುಮಾರು ಅರ್ಧ ಮಾತ್ರ ಕಣ್ಣಿಗೆ ಕಾಣುವ ಬೆಳಕು. ಎಲೆ ಆಹಾರ ತಯಾರಿಸುವುದು ಅದರಿಂದಲೇ. ಉಳಿದದ್ದರಲ್ಲಿ ಬಹುಪಾಲು ಕಣ್ಣಿಗೆ ಕಾಣದ ಅವಗೆಂಪು ಕಿರಣ. ಎಲೆಗೆ ಅದರಿಂದ ಅಡುಗೆಗೆ ಉಪಯೋಗವಿಲ್ಲ, ಮೈ ಕಾಯುವುದಷ್ಟೇ. ಗಿಡಕ್ಕೆ ಬೇಕಾದ ಬೆಳಕನ್ನು ವಿಜ್ಞಾನಿಗಳು ಬೆಳಕಿನ ಕಣಗಳ ಲೆಕ್ಕದಲ್ಲಿ ಅಳೆಯುತ್ತಾರೆ. ಆ ಅಳತೆಯ ಹೆಸರು ಮೋಲ್. ಟೊಮೆಟೊ, ದೊಣ್ಣೆ ಮೆಣಸಿನಕಾಯಿಯಂಥ ಬೆಳೆಗೆ ಚದರ ಮೀಟರಿಗೆ ದಿನಕ್ಕೆ 20ರಿಂದ 30 ಮೋಲ್ ಇದ್ದರೆ ಸುಖ. ಉತ್ತರ ಕರ್ನಾಟಕದ ಬೇಸಿಗೆಯ ಬಯಲಿಗೆ ಬೀಳುವುದು 45ರ ಆಸುಪಾಸು. 200 ಮೈಕ್ರಾನಿನ ಪಾಲಿಥೀನ್ ಹಾಳೆ, ಕಂಬ, ತೊಲೆ, ಧೂಳು ಎಲ್ಲ ಸೇರಿ ಮೂರನೇ ಒಂದು ಪಾಲು ನುಂಗಿದರೂ ಒಳಗೆ 30 ಉಳಿಯುತ್ತದೆ. ಗಿಡಕ್ಕೆ ಬೇಕಾದಷ್ಟು ಸರಿಯಾಗಿದೆ.

ಆದರೆ ಒಳಗೆ ಸೆಕೆ ತಡೆಯಲಾಗದು. ಆಗ ಹಾಳೆಯ ಕೆಳಗೆ ಶೇಕಡ 50ರ ನೆರಳುಬಲೆ ಎಳೆದು ಕಟ್ಟುತ್ತಾರೆ. ಈಗ ಗಿಡಕ್ಕೆ ಸಿಗುವುದು 15. ಜುಲೈ ಬಂತು, ಮೋಡ ಮುಸುಕಿತು, ಹೊರಗಿನ ಬೆಳಕೇ 25ಕ್ಕೆ ಇಳಿಯಿತು ಎನ್ನಿ. ಕಟ್ಟಿದ ಬಲೆಯನ್ನು ಯಾರೂ ಬಿಚ್ಚಿಲ್ಲ. ಒಳಗೆ ತಲುಪುವುದು ಎಂಟೋ ಒಂಬತ್ತೋ. ಗಿಡ ಬೆಳಕನ್ನು ಹುಡುಕುತ್ತ ಸೊರಗಿ ಉದ್ದವಾಗುತ್ತದೆ, ಗೆಣ್ಣಿನ ನಡುವಿನ ಅಂತರ ಹೆಚ್ಚುತ್ತದೆ, ಹೂವು ಉದುರುತ್ತದೆ. ರೈತ ಗೊಬ್ಬರ ಸಾಲದೆಂದು ಡ್ರಿಪ್ಪಿನಲ್ಲಿ ಮತ್ತಷ್ಟು ಬಿಡುತ್ತಾನೆ. ಭಾರತದ ಅತಿ ಹೆಚ್ಚು ಬಿಸಿಲು ಬೀಳುವ ಸೀಮೆಗಳಲ್ಲೊಂದರಲ್ಲಿ ಬೆಳಕಿನ ಬರದಿಂದ ಬೆಳೆ ಸೋಲುವುದೆಂದರೆ ಇದೇ.

ಬಲೆ ಬೇಡವೆಂದಲ್ಲ, ಬಲೆ ಸರಿಯಬೇಕು. ಬೆಳಗ್ಗೆ ಹತ್ತರವರೆಗೆ ಮಡಚಿಟ್ಟು, ಹತ್ತರಿಂದ ಮೂರೂವರೆಯವರೆಗೆ ಎಳೆದು, ಮತ್ತೆ ಮಡಚುವ ಪರದೆ ಇದ್ದರೆ ಗಿಡಕ್ಕೆ ದಿನದ ಎರಡೂ ತುದಿಯ ತಂಪು ಬೆಳಕು ಪೂರ್ತಿ ಸಿಗುತ್ತದೆ. ಇದಕ್ಕೆ ದುಬಾರಿ ಮೋಟಾರು, ಸೆನ್ಸರು ಇದ್ದರೆ ಒಳ್ಳೆಯದು. ಹಗ್ಗ, ರಾಟೆ, ಕೈಯಿಂದ ತಿರುಗಿಸುವ ಹಿಡಿ ಇದ್ದರೂ ನಡೆಯುತ್ತದೆ. ಬಲೆಯ ಬಣ್ಣವೂ ಮುಖ್ಯ. ಕಪ್ಪು ಬಲೆ ಬಿಸಿಲನ್ನು ಹೀರಿ ತಾನೇ ಕಾದು ಕೆಳಗಿನ ಗಿಡಕ್ಕೆ ಶಾಖ ಬೀರುತ್ತದೆ. ಅಂಗಡಿಗಳಲ್ಲಿ ರಾಶಿ ಬಿದ್ದಿರುವ ಹಸಿರು ಬಲೆ ನೋಡಲು ಚೆಂದ, ಕೃಷಿಗೆ ಒಪ್ಪುವ ಬಣ್ಣ ಎಂಬ ಭ್ರಮೆಯನ್ನೂ ಹುಟ್ಟಿಸುತ್ತದೆ. ಆದರೆ ಅದು ಗಿಡ ಹೆಚ್ಚು ಬಳಸುವ ಕೆಂಪು, ನೀಲಿ ಬೆಳಕನ್ನು ತಡೆದು, ಗಿಡ ಅಷ್ಟಾಗಿ ಬಳಸದ ಹಸಿರನ್ನೇ ಒಳಬಿಡುತ್ತದೆ. ಅಲ್ಯುಮಿನಿಯಂ ಪಟ್ಟಿ ಹೆಣೆದ ಬಿಳಿ ಬಲೆ ಹೀರುವ ಬದಲು ಬಿಸಿಲನ್ನು ಹಿಂದಕ್ಕೆ ಅಟ್ಟುತ್ತದೆ. ಬೆಲೆ ಹೆಚ್ಚು, ಆದರೆ ಈ ಊರಿನ ಬಿಸಿಲಿಗೆ ಖರ್ಚು ಮಾಡಬೇಕಾದ ಜಾಗ ಇದೇ. ಸಾಧ್ಯವಿದ್ದರೆ ಬಲೆಯನ್ನು ಹಾಳೆಯ ಮೇಲೆ, ಹೊರಗಡೆ ಹಾಕುವುದು ಲೇಸು. ಶಾಖ ಮನೆಯೊಳಗೆ ಬಂದಮೇಲೆ ಅದನ್ನು ಹೊರಹಾಕುವುದಕ್ಕಿಂತ ಬಾಗಿಲಲ್ಲೇ ತಡೆಯುವುದು ಸುಲಭ.

ಸ್ಪೇನ್‌ನ ಅಲ್ಮೆರಿಯಾದಲ್ಲಿ ಮೂವತ್ತು ಸಾವಿರ ಹೆಕ್ಟೇರಿನಷ್ಟು ಪ್ಲಾಸ್ಟಿಕ್ ಹಸಿರುಮನೆಗಳಿವೆ. ಅಲ್ಲಿನ ರೈತರು ಬೇಸಿಗೆ ಬಂದರೆ ಛಾವಣಿಗೆ ಸುಣ್ಣ ಬಳಿಯುತ್ತಾರೆ. ಮಳೆ, ಚಳಿ ಬರುವ ಹೊತ್ತಿಗೆ ತೊಳೆದು ತೆಗೆಯುತ್ತಾರೆ. ಇಡೀ ಪ್ರದೇಶ ಬಿಳುಪಾಗಿ ಬಿಸಿಲನ್ನು ಮುಗಿಲಿಗೆ ತಿರುಗಿಸಿದ್ದರಿಂದ, 1983ರಿಂದ 2006ರ ನಡುವೆ ಸುತ್ತಲಿನ ಸೀಮೆ ಬಿಸಿಯಾಗುತ್ತಿದ್ದರೆ ಆ ಪ್ರದೇಶ ಮಾತ್ರ ದಶಕಕ್ಕೆ 0.3 ಡಿಗ್ರಿಯಂತೆ ತಣ್ಣಗಾಗಿದೆ ಎಂದು ಅಲ್ಲಿನ ವಿಜ್ಞಾನಿಗಳು 2008ರಲ್ಲಿ ವರದಿ ಮಾಡಿದರು. ಸುಣ್ಣಕ್ಕೆ ಬಾಗಲಕೋಟೆ ಜಿಲ್ಲೆಯಲ್ಲಿ ಬರವಿಲ್ಲ. ಯುಗಾದಿಗೆ ಮನೆಗೆ ಸುಣ್ಣ ಬಳಿಯುವಾಗ ಪಾಲಿಹೌಸಿಗೂ ಒಂದು ತೆಳು ಸಾರಣೆ ಕೊಟ್ಟು, ಮುಂಗಾರಿಗೆ ತೊಳೆದುಹೋಗಲು ಬಿಟ್ಟರೆ ಅದಕ್ಕಿಂತ ಅಗ್ಗದ ಪರದೆ ಇನ್ನೊಂದಿಲ್ಲ.

ಬೆಳಕನ್ನು ಅಳೆದು ಕೊಡುವ ವಿದ್ಯೆ ಕನ್ನಡ ನಾಡಿಗೆ ಹೊಸದೂ ಅಲ್ಲ. ಹೆಸರುವಾಸಿಯಾದ ಸವಣೂರು ಎಲೆಯಂಥ ವೀಳ್ಯದೆಲೆಯ ತೋಟಗಳಲ್ಲಿ ಬಳ್ಳಿಗೆ ಅಗಸೆ, ನುಗ್ಗೆ ಮರಗಳ ಆಸರೆ. ನೆರಳು ದಟ್ಟವಾದಾಗ ರೆಂಬೆ ಸವರುತ್ತಾರೆ, ಬೇಸಿಗೆಗೆ ಬೆಳೆಯಲು ಬಿಡುತ್ತಾರೆ. ಋತುವಿಗೆ ತಕ್ಕಂತೆ ಸರಿಯುವ ಜೀವಂತ ನೆರಳುಬಲೆ ಅದು. ವಿಜಯಪುರದ ದ್ರಾಕ್ಷಿ ಬೆಳೆಗಾರರು ಮಣೂಕ ಮಾಡುವುದು ನೇರ ಬಿಸಿಲಲ್ಲಲ್ಲ, ಬಲೆ ಇಳಿಬಿಟ್ಟ ಶೆಡ್ಡಿನ ನೆರಳಿನಲ್ಲಿ; ಬಿಸಿಲಿಗೆ ಹಾಕಿದರೆ ಹಣ್ಣು ಕಂದುತ್ತದೆ, ನೆರಳಲ್ಲಿ ಒಣಗಾಳಿಗೆ ಬಿಟ್ಟರೆ ಎರಡು ವಾರದ ಆಸುಪಾಸಿನಲ್ಲಿ ಹಸಿರು ಹೊಳಪು ಉಳಿಸಿಕೊಂಡು ಒಣಗುತ್ತದೆ. ದಾಳಿಂಬೆ ಬೆಳೆಗಾರರ ಉಪಾಯವಂತೂ ನೋಡಲೇ ಸೊಗಸು. ಪಡುವಣ ಬಿಸಿಲಿಗೆ ಕಾಯಿಯ ಸಿಪ್ಪೆ ಸುಡದಿರಲಿ ಎಂದು ಗಿಡಗಳ ಸಾಲಿಗೆ ಹಳೆಯ ಸೀರೆ ಹೊದಿಸುತ್ತಾರೆ. ಇಳಕಲ್ ಸೀರೆಯಲ್ಲ, ಕಿಲೋ ಲೆಕ್ಕದಲ್ಲಿ ಕೊಂಡ ಪಾಲಿಯೆಸ್ಟರ್ ಸೀರೆ. ಇಳಕಲ್ಲಿನ ಪಕ್ಕದ ಕುಷ್ಟಗಿ, ಆಚೆಯ ರಾಣೇಬೆನ್ನೂರು ಕಡೆ ಬೀಜ ಕಂಪನಿಗಳಿಗಾಗಿ ಮೆಣಸಿನಕಾಯಿ, ಟೊಮೆಟೊ, ಸೌತೆಯ ಹೈಬ್ರಿಡ್ ಬೀಜ ಬೆಳೆಯುವವರು ಪ್ಲಾಸ್ಟಿಕ್ ಹಾಳೆಯ ತಂಟೆಗೇ ಹೋಗದೆ ಬರೀ ಬಲೆಯ ಮನೆ ಕಟ್ಟಿಕೊಂಡಿದ್ದಾರೆ. ಗಾಳಿ ನಾಲ್ಕೂ ಕಡೆಯಿಂದ ಆಡುತ್ತದೆ. ಒಳಗೆ ಹೂವಿನಿಂದ ಹೂವಿಗೆ ಕ್ರಾಸಿಂಗ್ ಮಾಡುವ ಹೆಣ್ಣಾಳುಗಳು ದಿನವಿಡೀ ಕೆಲಸ ಮಾಡುವುದು ಆ ಮನೆಯಲ್ಲೇ. ಹಸಿರುಮನೆಯ ಬಿಸಿಯ ಮಾತಾಡುವಾಗ ಗಿಡದ ಲೆಕ್ಕ ಎಲ್ಲರೂ ಹಾಕುತ್ತಾರೆ. ಒಳಗೆ ಬಗ್ಗಿ ದುಡಿಯುವವರ ಲೆಕ್ಕ ಯಾವ ಪ್ರಾಜೆಕ್ಟ್ ವರದಿಯಲ್ಲೂ ಸುಲಭಕ್ಕೆ ಸಿಗದು.

ಗಾಳಿ, ಬಲೆ ಎರಡರಿಂದಲೂ ಸಾಲದಾದಾಗ ಬರುವುದು ಫ್ಯಾನ್ ಮತ್ತು ಪ್ಯಾಡ್. ಒಂದು ಗೋಡೆಯುದ್ದಕ್ಕೂ ಜೇನುಗೂಡಿನಂಥ ಕಾಗದದ ಪ್ಯಾಡ್. ಅದರ ಮೇಲೆ ನೀರು ಇಳಿಯುತ್ತಿರುತ್ತದೆ. ಎದುರು ಗೋಡೆಯ ಫ್ಯಾನುಗಳು ಒಳಗಿನ ಗಾಳಿಯನ್ನು ಹೊರಗೆ ಎಳೆಯುತ್ತವೆ. ಹೊರಗಿನ ಒಣಗಾಳಿ ಒದ್ದೆ ಪ್ಯಾಡಿನ ಮೂಲಕ ತಂಪಾಗಿ ಒಳಬರುತ್ತದೆ. ಕರಾವಳಿಯಲ್ಲಿ ಇದರ ಆಟ ನಡೆಯುವುದಿಲ್ಲ. ಬಾಗಲಕೋಟೆಯ ಏಪ್ರಿಲ್ ಮಧ್ಯಾಹ್ನ ಇದಕ್ಕೆ ಹೇಳಿ ಮಾಡಿಸಿದ್ದು. ಹೊರಗೆ 39 ಡಿಗ್ರಿ, ತೇವಾಂಶ ಶೇಕಡ 20 ಇದ್ದರೆ ಒಳ್ಳೆಯ ಪ್ಯಾಡಿನಿಂದ 26 ಡಿಗ್ರಿಯ ಗಾಳಿ ಬರಬಲ್ಲದು. ಫ್ಯಾನಿನ ತುದಿ ತಲುಪುವಷ್ಟರಲ್ಲಿ ಮತ್ತೆ ನಾಲ್ಕೈದು ಡಿಗ್ರಿ ಏರಿದರೂ ಮೆಣಸಿನ ಹೂವು ಉದುರದೆ ನಿಲ್ಲುತ್ತದೆ.

ಅದರ ಬೆಲೆ ನೀರು. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2.4 ಮೆಗಾಜೌಲ್ ಶಾಖ ಹೀರುತ್ತದೆ. ವಿದ್ಯುತ್ತಿನ ಭಾಷೆಯಲ್ಲಿ ಮುಕ್ಕಾಲು ಯೂನಿಟ್ಟಿಗೆ ತುಸು ಕಡಿಮೆ. ಬೇಸಿಗೆಯ ಒಂದು ದಿನ ಎಕರೆ ಪಾಲಿಹೌಸಿನ ಮೇಲೆ ಬೀಳುವ ಬಿಸಿಲಿನಲ್ಲಿ ಮೂರರಲ್ಲಿ ಒಂದು ಪಾಲನ್ನು ಮಾತ್ರ ಪ್ಯಾಡಿನಿಂದ ತೆಗೆಯುತ್ತೇವೆಂದರೂ ದಿನಕ್ಕೆ 12ರಿಂದ 13 ಸಾವಿರ ಲೀಟರ್ ಆವಿಯಾಗಿ ಹೋಗುತ್ತದೆ. ಗಿಡಕ್ಕೆ ಹನಿಸುವ ನೀರು ಬೇರೆ. ಬೋರ್‌ವೆಲ್ ನೀರಾದರೆ ಅದರ ಉಪ್ಪು ಪ್ಯಾಡಿನ ರಂಧ್ರಗಳಲ್ಲಿ ಹೆಪ್ಪುಗಟ್ಟಿ ಎರಡು ಮೂರು ವರ್ಷಕ್ಕೆ ಅದನ್ನು ಕಲ್ಲಾಗಿಸುತ್ತದೆ. ಇದಕ್ಕೆ ಇರುವ ಉತ್ತರ ಅದೇ ಛಾವಣಿಯ ಮೇಲಿದೆ: 560 ಮಿಲಿಮೀಟರ್ ಮಳೆ ಎಕರೆ ಛಾವಣಿಯ ಮೇಲೆ ಬಿದ್ದರೆ 22 ಲಕ್ಷ ಲೀಟರ್. ಗಟಾರಿನಿಂದ ಪೈಪ್ ಹಾಕಿ ಕೃಷಿಹೊಂಡಕ್ಕೆ ಇಳಿಸಿದರೆ ಉಪ್ಪಿಲ್ಲದ ನೀರು. ಹೊಂಡವನ್ನು ನೆರಳಿನಲ್ಲಿಡದಿದ್ದರೆ ಅದರಲ್ಲಿ ದೊಡ್ಡ ಪಾಲನ್ನು ಬಿಸಿಲೇ ಕುಡಿದು ಮುಗಿಸುತ್ತದೆ.

ಇನ್ನು ಕರೆಂಟು. ಕರ್ನಾಟಕದಲ್ಲಿ ಹತ್ತು ಎಚ್‌.ಪಿ.ವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತ. ಆದರೆ ಮೂರು ಫೇಸ್ ಕರೆಂಟು ದಿನಕ್ಕೆ ಏಳು ತಾಸು, ಅದೂ ಪಾಳಿಯ ಮೇಲೆ. ಪಂಪಿಗೆ ಅದು ಸಾಕು. ರಾತ್ರಿ ಬಂದರೂ ಹೊಂಡ ತುಂಬಿಕೊಳ್ಳಬಹುದು. ಫ್ಯಾನಿಗೆ ರಾತ್ರಿಯ ಕರೆಂಟು ಕಟ್ಟಿಕೊಂಡೇನು? ಮಧ್ಯಾಹ್ನ ಒಂದು ಗಂಟೆಗೆ ಲೈನ್ ಹೋದರೆ ಎಲ್ಲ ಬದಿ ಮುಚ್ಚಿದ ಫ್ಯಾನ್-ಪ್ಯಾಡ್ ಮನೆ ಅರ್ಧ ತಾಸಿನಲ್ಲಿ ಒಲೆಯಾಗುತ್ತದೆ.

ಸೋಲಾರ್ ಪ್ಯಾನೆಲ್ ಇಲ್ಲಿ ನಿಜಕ್ಕೂ ಅರ್ಥಪೂರ್ಣ. ಬಿಸಿಲು ಏರಿದಷ್ಟೂ ಫ್ಯಾನಿಗೆ ಕೆಲಸ ಹೆಚ್ಚು, ಪ್ಯಾನೆಲ್ಲಿನ ಕರೆಂಟೂ ಹೆಚ್ಚು. ಮೋಡ ಕವಿದರೆ ಎರಡೂ ಒಟ್ಟಿಗೆ ಇಳಿಯುತ್ತವೆ. ಬ್ಯಾಟರಿಯ ಖರ್ಚು ಬಹಳ ಮಟ್ಟಿಗೆ ತಪ್ಪುತ್ತದೆ. ಎಕರೆಗೆ ಒಂದೂವರೆ ಎಚ್‌.ಪಿ.ಯ ಹತ್ತು-ಹನ್ನೊಂದು ಫ್ಯಾನ್ ಎಂದುಕೊಂಡರೆ ಸುಮಾರು 12 ಕಿಲೋವ್ಯಾಟ್. ಎಂಟು ತಾಸಿಗೆ ನೂರು ಯೂನಿಟ್ಟಿನಷ್ಟು. ಒಂದು ಕಿಲೋವ್ಯಾಟ್ ಪ್ಯಾನೆಲ್ ಈ ಸೀಮೆಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಕೊಡುವುದರಿಂದ 25 ಕಿಲೋವ್ಯಾಟ್ ಪ್ಯಾನೆಲ್ ಬೇಕು. ಎರಡು ಮೂರು ಗುಂಟೆ ಜಾಗ ಸಾಕು. ಆ ಪ್ಯಾನೆಲ್ಲುಗಳನ್ನು ಪಾಲಿಹೌಸಿನ ಮಾಡಿನ ಮೇಲೆ ಹೇರಿ ಬೆಳೆಯ ಬೆಳಕು ಕದಿಯುವ ಬದಲು ಕೃಷಿಹೊಂಡದ ಮೇಲೆ ಚಾಚಿದರೆ ನೀರಿಗೆ ನೆರಳೂ ಆಯಿತು. ಪಾವಗಡದ 2,050 ಮೆಗಾವ್ಯಾಟಿನ ಸೌರ ಪಾರ್ಕ್ ಹರಡಿರುವುದು ಸುಮಾರು 13 ಸಾವಿರ ಎಕರೆಯಲ್ಲಿ; ಭಾಗಿಸಿದರೆ ಎಕರೆಗೆ 0.16 ಮೆಗಾವ್ಯಾಟ್. ಬಿಸಿಲಿನ ನಾಲ್ಕು ಮೆಗಾವ್ಯಾಟಿನಲ್ಲಿ ಕರೆಂಟಾಗಿ ಕೈಗೆ ಸಿಗುವುದು ಎಷ್ಟು ಕಡಿಮೆ ಎಂದು ಇದರಿಂದ ತಿಳಿಯುತ್ತದೆ. ಆ ಸಣ್ಣ ಪಾಲಿನಿಂದ ಉಳಿದ ದೊಡ್ಡ ಪಾಲನ್ನು ಸೋಲಿಸಹೊರಟರೆ ಗೆಲುವಿಲ್ಲ. ನೆರಳು, ಸುಣ್ಣ, ಗಾಳಿ ಮುಕ್ಕಾಲು ಕೆಲಸ ಮುಗಿಸಿದಮೇಲೆ ಉಳಿದ ಕಾಲುಭಾಗಕ್ಕೆ ಮಾತ್ರ ಫ್ಯಾನ್ ಹೊಂದುತ್ತದೆ.

ಎಲ್‌ಇಡಿ ದೀಪದ ಹೆಸರು ಕೇಳಿದರೆ ಕೆಲವರಿಗೆ ಬಣ್ಣಬಣ್ಣದ ಕನಸು. ನೇರಳೆ ಬೆಳಕಿನ ಕೋಣೆಗಳಲ್ಲಿ ಹಂತ ಹಂತವಾಗಿ ಸೊಪ್ಪು ಬೆಳೆಯುವ ಚಿತ್ರಗಳನ್ನು ಎಲ್ಲರೂ ನೋಡಿದ್ದಾರೆ. ಸೂರ್ಯನ ಬದಲು ದೀಪದಿಂದಲೇ ದಿನಕ್ಕೆ 20 ಮೋಲ್ ಬೆಳಕು ಕೊಡಬೇಕೆಂದರೆ, ಇವತ್ತಿನ ಒಳ್ಳೆಯ ಎಲ್‌ಇಡಿ ಬಳಸಿದರೂ, ಎಕರೆಗೆ ದಿನಕ್ಕೆ 7,000 ಯೂನಿಟ್ ದಾಟುತ್ತದೆ. ಹೀಗೆ ದೀಪದಡಿ ಸೊಪ್ಪು ಬೆಳೆಯುತ್ತಿದ್ದ ಅಮೆರಿಕದ ಏರೋಫಾರ್ಮ್ಸ್‌ನಂಥ ದೊಡ್ಡ ಕಂಪನಿಯೇ 2023ರ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಬೇಕಾಯಿತು. ಬಾದಾಮಿಯ ಬಿಸಿಲಿನಲ್ಲಿ ಕುಳಿತು ಅದನ್ನು ಅನುಕರಿಸುವುದು ಹೊಳೆಯ ದಂಡೆಯಲ್ಲಿ ಬಾಟಲಿ ನೀರು ಕೊಳ್ಳುವ ಶೋಕಿ.

ದೀಪಕ್ಕೆ ಇನ್ನೊಂದು ಕೆಲಸವಿದೆ, ಅದು ಅಗ್ಗ. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹಾದುಹೋದವರು ಸೇವಂತಿಗೆ ಹೊಲಗಳಲ್ಲಿ ಬಲ್ಬುಗಳ ಸಾಲು ಉರಿಯುವುದನ್ನು ಕಂಡು ಯಾವುದೋ ಜಾತ್ರೆ ಎಂದುಕೊಂಡದ್ದುಂಟು. ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ 1920ರಲ್ಲಿ ತೋರಿಸಿಕೊಟ್ಟಂತೆ ಎಷ್ಟೋ ಗಿಡಗಳು ಹೂವು ಬಿಡುವ ಕಾಲವನ್ನು ಹಗಲು-ರಾತ್ರಿಯ ಉದ್ದದಿಂದ ತಿಳಿಯುತ್ತವೆ. ಸೇವಂತಿಗೆಗೆ ಉದ್ದ ರಾತ್ರಿ ಬೇಕು. 16 ಡಿಗ್ರಿ ಅಕ್ಷಾಂಶದಲ್ಲಿ ಅತಿ ದೀರ್ಘ ಹಗಲೂ ಹದಿಮೂರು ತಾಸಿನ ಆಸುಪಾಸಿಗೆ ನಿಲ್ಲುವುದರಿಂದ ಗಿಡ ಇನ್ನೂ ಗೇಣುದ್ದ ಇರುವಾಗಲೇ ಮೊಗ್ಗು ಕಟ್ಟಲು ಹೊರಡುತ್ತದೆ. ನಡುರಾತ್ರಿಯ ಕೆಲವು ತಾಸು ಬೆಳಕು ಬಿದ್ದರೆ ಒಂದು ಉದ್ದ ರಾತ್ರಿ ಎರಡು ಗಿಡ್ಡ ರಾತ್ರಿಯಾಗಿ ಒಡೆಯುತ್ತದೆ, ಮೊಗ್ಗು ಮುಂದಕ್ಕೆ ಹೋಗುತ್ತದೆ, ಕಾಂಡ ಬೆಳೆಯುತ್ತದೆ. ಬೇಕಾದಷ್ಟು ಎತ್ತರ ಬಂದಮೇಲೆ ದೀಪ ಆರಿಸಿದರೆ ಇಡೀ ಹೊಲ ಒಟ್ಟಿಗೆ ಹೂವಾಗುತ್ತದೆ; ದಸರೆಗೋ ದೀಪಾವಳಿಗೋ ಲೆಕ್ಕ ಹಿಡಿಯಬಹುದು. ಇಲ್ಲಿ ಬೆಳಕು ಗಿಡಕ್ಕೆ ಊಟವಲ್ಲ, ಸೂಚನೆ. ಆದ್ದರಿಂದ ಮಂದ ಬೆಳಕೇ ಸಾಕು. ಎಕರೆಗೆ ಒಂಬತ್ತು ವ್ಯಾಟಿನ 400 ಬಲ್ಬು ನಾಲ್ಕು ತಾಸು ಉರಿದರೆ 14ರಿಂದ 15 ಯೂನಿಟ್. ಆ ಏಳು ಸಾವಿರ ಎಲ್ಲಿ, ಈ ಹದಿನೈದು ಎಲ್ಲಿ! ವಿಯೆಟ್ನಾಮಿನ ಬಿನ್ ಥುವಾನ್ ಸೀಮೆಯ ಡ್ರ್ಯಾಗನ್ ಫ್ರೂಟ್ ಬೆಳೆಗಾರರು ಇದೇ ತಂತ್ರವನ್ನು ಉಲ್ಟಾ ಬಳಸುತ್ತಾರೆ. ಅದು ಗಿಡ್ಡ ರಾತ್ರಿಗೆ ಹೂ ಬಿಡುವ ಗಿಡ. ಚಳಿಗಾಲದಲ್ಲಿ ರಾತ್ರಿ ದೀಪ ಹಚ್ಚಿದರೆ ಹಂಗಾಮಿಲ್ಲದ ಕಾಲದಲ್ಲಿ ಹಣ್ಣು ಸಿಗುತ್ತದೆ. ಡ್ರ್ಯಾಗನ್ ಫ್ರೂಟಿನ ಸಿಮೆಂಟು ಕಂಬಗಳು ಈಗ ಉತ್ತರ ಕರ್ನಾಟಕದ ಹೊಲಗಳಲ್ಲೂ ಎದ್ದಿರುವುದರಿಂದ ಈ ಮಾತು ಇಲ್ಲಿಗೂ ದೂರದ್ದಲ್ಲ.

ಇಷ್ಟೆಲ್ಲ ಮಾಡಿದರೂ ಏಪ್ರಿಲ್, ಮೇ ತಿಂಗಳಲ್ಲಿ ಕುಳಗೇರಿ ಸುತ್ತಿನ ಪಾಲಿಹೌಸಿನಲ್ಲಿ ಬೆಳೆ ಇಟ್ಟುಕೊಳ್ಳುವುದು ನಷ್ಟದ ಬಾಬತ್ತೇ. ಎಳೆಯ ಸಸಿಗಳಿಗಂತೂ ಅದು ಕೆಟ್ಟ ಕಾಲ. ಮೈತುಂಬ ಎಲೆಯಿರುವ ಬೆಳೆ ನೀರನ್ನು ಆವಿಯಾಗಿಸಿ ತನ್ನ ಮನೆಯನ್ನು ತಾನೇ ತಂಪಾಗಿಸಿಕೊಳ್ಳುತ್ತದೆ. ನಾಟಿಯಾಗಿ ಹತ್ತು ದಿನದ ಸಸಿಯ ಸುತ್ತ ಬರೀ ಕಾದ ಮಣ್ಣು. ಬೆಳೆಯ ಸರದಿಯನ್ನೇ ಬದಲಿಸಿ, ಜೂನ್ ಕೊನೆಗೆ ನಾಟಿ ಮಾಡಿ ಮಾರ್ಚ್ ಹೊತ್ತಿಗೆ ಕೊಯ್ಲು ಮುಗಿಸಿದರೆ, ಬೇಸಿಗೆಯ ಎರಡು ತಿಂಗಳ ಫ್ಯಾನು, ನೀರು, ಕರೆಂಟು ಮೂರೂ ಉಳಿಯುತ್ತವೆ.

ಆ ಎರಡು ತಿಂಗಳು ಮನೆ ಸುಮ್ಮನೆ ಕೂರಬೇಕಾಗಿಯೂ ಇಲ್ಲ. ವರ್ಷಗಟ್ಟಲೆ ಅದೇ ಮಣ್ಣಿನಲ್ಲಿ ಅದೇ ಬೆಳೆ ಇಟ್ಟ ಪಾಲಿಹೌಸುಗಳ ದೊಡ್ಡ ಶತ್ರು ಬೇರುಗಂಟು ಹುಳು, ಜೊತೆಗೆ ಸೊರಗು ರೋಗದ ಶಿಲೀಂಧ್ರ. ಇಸ್ರೇಲಿನ ಜೆ. ಕಟಾನ್ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ವಿಧಾನ ಇದಕ್ಕೆ ಹೊಂದುತ್ತದೆ: ಮಣ್ಣನ್ನು ಹದವಾಗಿ ಉತ್ತು, ಚೆನ್ನಾಗಿ ನೀರುಣಿಸಿ, ಮೇಲೆ ತೆಳುವಾದ ಪಾರದರ್ಶಕ ಹಾಳೆ ಹಾಸಿ, ಅಂಚುಗಳನ್ನು ಮಣ್ಣಿನಿಂದ ಮುಚ್ಚಿ ನಾಲ್ಕರಿಂದ ಆರು ವಾರ ಬಿಡುವುದು. ಪಾಲಿಹೌಸಿನ ಬದಿಯ ಪರದೆಗಳನ್ನೂ ಇಳಿಸಿ, ಗಾಳಿಗಂಡಿ ಮುಚ್ಚಿ, ಸುಣ್ಣವನ್ನು ಆ ವರ್ಷ ಬಳಿಯದೆ ಬಿಟ್ಟರೆ ಮಣ್ಣಿನ ಮೇಲ್ಪದರ 50 ಡಿಗ್ರಿ ಮುಟ್ಟುತ್ತದೆ. ವರ್ಷವಿಡೀ ಹೊರಗೆ ಅಟ್ಟಿದ ಬಿಸಿಯನ್ನು ಬೇಕೆಂದೇ ಕೂಡಿಹಾಕುವ ಕಾಲ ಇದೊಂದೇ. ಔಷಧಿಯ ಅಂಗಡಿಯ ಬಿಲ್ಲಿಗೆ ಇದರಷ್ಟು ಕತ್ತರಿ ಹಾಕುವ ಕೆಲಸ ಪಾಲಿಹೌಸಿನಲ್ಲಿ ಬೇರೆ ಕಡಿಮೆ. ಜೂನ್ ಮೊದಲ ಮಳೆಗೆ ಹಾಳೆ ಸುತ್ತಿಟ್ಟು, ಪರದೆ ಏರಿಸಿ, ಎರೆಗೊಬ್ಬರ ಮತ್ತು ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಬೆರೆಸಿದ ತಿಪ್ಪೆಗೊಬ್ಬರ ಹಾಕಿ ಸಾಲು ಎಳೆದರೆ ನಾಟಿಗೆ ಮಣ್ಣು ಸಿದ್ಧ. ಹಾಸಿದ ಹಾಳೆ ಹರಿಯದಿದ್ದರೆ ಮುಂದಿನ ಬೇಸಿಗೆಗೂ ಬರುತ್ತದೆ.